ಹಲ್ಲು ಪಾಲಿಶ್‌ಗೆ ಯಾವ ಪುಡಿ ಹಾಕುತ್ತೀರಿ ಎಂದು ಕೇಳಿ

ಮಾನ್ಯ ಸಂಪಾದಕರೇ,

ಮಳೆ ನಿಂತು ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಹತ್ತಿರ ಬಂತೆಂದರೆ ಹಲ್ಲು ಕ್ಲೀನ್ ಮಾಡಿಸಿಕೊಳ್ಳಲು ಬರುವವರು ಹೆಚ್ಚುತ್ತಾರೆ. ಅದರ ಬೆನ್ನಿಗೇ ಮದುವೆಗಳೂ ಶುರುವಾಗುತ್ತವೆ. ಗಾಳಿ, ನೀರು, ಪುಡಿ ಮೂರನ್ನೂ ಬೆರೆಸಿ ಹಲ್ಲಿನ ಮೇಲೆ ಚಿಮ್ಮಿಸುವ ಏರ್ ಪಾಲಿಶಿಂಗ್ ಈಗ ನಮ್ಮ ಸಣ್ಣ ಪಟ್ಟಣಗಳಿಗೂ ಬಂದಿದೆ. ಬಂದವರು ನೋವಾಗುತ್ತದೆಯೇ, ಎಷ್ಟಾಗುತ್ತದೆ, ಹಲ್ಲು ಸವೆಯುವುದಿಲ್ಲವೇ ಎಂದೆಲ್ಲ ಕೇಳುತ್ತಾರೆ. ಯಂತ್ರದ ಡಬ್ಬಿಯೊಳಗೆ ಯಾವ ಪುಡಿ ಇದೆ ಎಂದು ಮಾತ್ರ ಕೇಳುವುದಿಲ್ಲ. ಸವೆತದ ಪ್ರಶ್ನೆಗೆ ಉತ್ತರ ಇರುವುದು ಆ ಪುಡಿಯಲ್ಲೇ. ಅದಕ್ಕಾಗಿ ಓದುಗರಿಗೂ ನಮ್ಮ ದಂತವೈದ್ಯ ಮಿತ್ರರಿಗೂ ಈ ಪತ್ರ.

ಮೊದಲಿಗೆ ಒಂದು ತಪ್ಪು ತಿಳಿವಳಿಕೆ ಸರಿಪಡಿಸಬೇಕು. ಏರ್ ಪಾಲಿಶಿಂಗ್ ತೆಗೆಯುವುದು ಮೆತ್ತಗಿನ ಪಾಚಿಯನ್ನು ಮತ್ತು ಕಾಫಿ, ಟೀ, ವೀಳ್ಯದೆಲೆ, ಹೊಗೆಸೊಪ್ಪಿನ ಕಲೆಯನ್ನು. ಕಲ್ಲಿನಂತೆ ಗಟ್ಟಿಯಾದ ಗಾರೆ ಇದರಿಂದ ಹೋಗದು. ಅದಕ್ಕೆ ಕಂಪನದಿಂದ ಗಾರೆ ಬಿಡಿಸುವ ಅಲ್ಟ್ರಾಸಾನಿಕ್ ಸ್ಕೇಲರ್ ಅಥವಾ ಕೈ ಉಪಕರಣವೇ ಬೇಕು. ಗಾರೆ ಇದ್ದ ಹಲ್ಲಿಗೆ ಬರೀ ಪುಡಿ ಹೊಡೆದು ಬಿಳಿ ಮಾಡಿ ಕಳಿಸಿದರೆ ಒಸಡಿನ ರೋಗ ಇದ್ದಲ್ಲೇ ಇರುತ್ತದೆ, ಆದರೆ ಕಣ್ಣಿಗೆ ಕಾಣುವುದಿಲ್ಲ. ಹಲ್ಲಿನ ಸಹಜ ಬಣ್ಣವನ್ನೂ ಇದು ಬದಲಿಸುವುದಿಲ್ಲ. ಬ್ಲೀಚಿಂಗ್ ಬೇರೆ, ಇದು ಬೇರೆ.

ಇನ್ನು ಪುಡಿಯ ವಿಷಯ. ಪುಡಿ ಆರಿಸುವಾಗ ಕಣದ ಗಡಸು, ಕಣದ ಗಾತ್ರ ಮತ್ತು ಆಕಾರ, ನೀರಿನಲ್ಲಿ ಕರಗುವ ಗುಣ ಇವನ್ನು ನೋಡಬೇಕು. ಖನಿಜಗಳ ಗಡಸನ್ನು ಅಳೆಯುವ ಮೋಹ್ಸ್ ಮಾಪಕದಲ್ಲಿ ಹಲ್ಲಿನ ಹೊರಪದರವಾದ ಎನಾಮಲ್ 5ರಲ್ಲಿದೆ. ಅದರ ಕೆಳಗಿನ ಡೆಂಟಿನ್ 3ರಿಂದ 4. ಬೇರನ್ನು ಹೊದ್ದಿರುವ ಸಿಮೆಂಟಂ ಎರಡೂವರೆಯಿಂದ 3 ಮಾತ್ರ. ಬಹಳ ಕಾಲದಿಂದ ಬಳಕೆಯಲ್ಲಿರುವ ಸೋಡಿಯಂ ಬೈಕಾರ್ಬೊನೇಟ್, ಅಂದರೆ ಸೋಡಾ ಪುಡಿ, ಸುಮಾರು ಎರಡೂವರೆ. ಗ್ಲೈಸಿನ್ (ಒಂದು ಅಮೈನೋ ಆಮ್ಲ) ಮತ್ತು ಎರಿಥ್ರಿಟಾಲ್ (ಸಕ್ಕರೆಯಂಥ ಸಿಹಿ ವಸ್ತು) ಸುಮಾರು 2. ಕ್ಯಾಲ್ಸಿಯಂ ಕಾರ್ಬೊನೇಟ್ 3. ಅಲ್ಯೂಮಿನಿಯಂ ಟ್ರೈಹೈಡ್ರಾಕ್ಸೈಡ್ ಡೆಂಟಿನ್‌ನಷ್ಟೇ ಗಡಸು. ಹಲ್ಲು ಜುಮ್ಮೆನ್ನುವುದಕ್ಕೆಂದು ಮಾರುವ ಬಯೋಆಕ್ಟಿವ್ ಗ್ಲಾಸ್ ಪುಡಿ ಸುಮಾರು 6, ಅಂದರೆ ಎನಾಮಲ್‌ಗಿಂತಲೂ ಗಡಸು. ಅದನ್ನು ಎಲ್ಲರಿಗೂ ಮಾಡುವ ಮಾಮೂಲಿ ಕ್ಲೀನಿಂಗ್‌ಗೆ ಬಳಸುವುದು ನಮಗೆ ಸರಿ ಕಾಣುವುದಿಲ್ಲ.

ಗಡಸಿನ ಅಂಕಿ ನೋಡಿ ಸೋಡಾ ಪುಡಿ ಎಲ್ಲಕ್ಕೂ ಆದೀತು ಎಂದುಕೊಳ್ಳಬಾರದು. ಕಣದ ಗಾತ್ರವೂ ಲೆಕ್ಕಕ್ಕೆ ಬರುತ್ತದೆ. ಒಸಡಿನ ಅಂಚಿನ ಬಳಿ ಬೇರಿನ ಮೇಲಿರುವ ಸಿಮೆಂಟಂ ಪದರದ ದಪ್ಪ 20ರಿಂದ 50 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಅಷ್ಟೇ, ತಲೆಗೂದಲಿನ ದಪ್ಪಕ್ಕಿಂತ ಕಡಿಮೆ. ಸಾಮಾನ್ಯ ಸೋಡಾ ಪುಡಿಯ ಕಣ 65 ಮೈಕ್ರಾನ್ ಆಸುಪಾಸಿನದು. ಅದಕ್ಕಿಂತ ದಪ್ಪನೆಯದೂ ಇದೆ, 40ರ ಸುಮಾರಿನದೂ ಸಿಗುತ್ತದೆ. ಹೊಡೆಯುವ ಕಣವೇ ಹೊದಿಕೆಗಿಂತ ದಪ್ಪ, ಮೂಲೆಗಳು ಚೂಪು, ಹಿಂದಿನಿಂದ ಕಂಪ್ರೆಸರ್‌ನ ಒತ್ತಡ ಬೇರೆ. ಎನಾಮಲ್ ಇದನ್ನು ತಡೆದುಕೊಳ್ಳುತ್ತದೆ. ಬೇರು ತಡೆಯದು. ಗ್ಲೈಸಿನ್ ಕಣ 20ರಿಂದ 25 ಮೈಕ್ರಾನ್, ಎರಿಥ್ರಿಟಾಲ್ ಕಣ 14ರ ಸುಮಾರು. ಕಣ ಸಣ್ಣದಾದಷ್ಟೂ ಪೆಟ್ಟು ಹಗುರ.

ಕೊಡಗಿನಲ್ಲಿ ಈ ಲೆಕ್ಕಕ್ಕೆ ವಿಶೇಷ ತೂಕವಿದೆ. ತೋಟದ ಕಾರ್ಮಿಕರ ಲೈನ್ ಮನೆಗಳಿಂದ ಬರುವ ಹಿರಿಯರ ಬಾಯಿ ನೋಡಿ. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು ಸೇರಿ ಹಲ್ಲಿನ ಕುತ್ತಿಗೆಯ ಸುತ್ತ ಕಡುಕಂದು ಪಟ್ಟಿ ಕಟ್ಟಿರುತ್ತದೆ. ಒಸಡು ಕೆಳಗೆ ಜಾರಿ ಎರಡು ಮೂರು ಮಿಲಿಮೀಟರ್ ಬೇರು ಹೊರಗೆ ಬಂದಿರುತ್ತದೆ. ಅಡಿಕೆ ಜಗಿದು ಜಗಿದು ದವಡೆ ಹಲ್ಲಿನ ಮೇಲ್ಭಾಗದ ಎನಾಮಲ್ ಸವೆದು, ನಡುವೆ ಹಳದಿ ಡೆಂಟಿನ್ ಬಟ್ಟಲಿನಂತೆ ತೋಡಿಕೊಂಡಿರುತ್ತದೆ. ಅತಿ ದಟ್ಟ ಕಲೆ ಇರುವ ಬಾಯಲ್ಲೇ ಅತಿ ಮೆತ್ತಗಿನ ಭಾಗ ಬಯಲಿಗೆ ಬಿದ್ದಿರುತ್ತದೆ. ಕಲೆ ದಟ್ಟವಾಗಿದೆ, ದಪ್ಪ ಪುಡಿ ಹಾಕಿ ಬೇಗ ಮುಗಿಸೋಣ ಎಂದು ಕೈ ಮುಂದಾಗುವುದೂ ಅಲ್ಲೇ. ಮುಂದಾಗಬಾರದು. ಅಲ್ಲಿನ ಕಲೆಯನ್ನು ಕಡಿಮೆ ಪವರ್‌ನ ಅಲ್ಟ್ರಾಸಾನಿಕ್ ತುದಿಯಿಂದ, ಬೇರಿನ ಹತ್ತಿರ ಕೈ ಸ್ಕೇಲರ್‌ನಿಂದ ಸಡಿಲಿಸಬೇಕು. ಉಳಿದದ್ದಕ್ಕೆ ಗ್ಲೈಸಿನ್ ಅಥವಾ ಎರಿಥ್ರಿಟಾಲ್ ಹಾಕಬೇಕು. ಒಂದೇ ಸಲಕ್ಕೆ ಹೋಗದಿದ್ದರೆ ಎರಡು ಸಲ ಕರೆಯಬಹುದು. ಸವೆದ ಬೇರು ಮತ್ತೆ ಬೆಳೆಯುವುದಿಲ್ಲ. ತಣ್ಣೀರು ತಾಗಿದರೂ ಜುಮ್ಮೆನ್ನುವ ಹಲ್ಲಿನೊಂದಿಗೆ ಆ ಮನುಷ್ಯ ಉಳಿದ ದಿನ ಕಳೆಯಬೇಕಾಗುತ್ತದೆ.

ಅದೇ ಬಾಯಲ್ಲಿ ಪುಡಿ ಹಚ್ಚುವ ಮೊದಲು ಕೆನ್ನೆಯ ಒಳಭಾಗ, ನಾಲಿಗೆಯ ಅಂಚು, ಬಾಯಿಯ ತಳ ನೋಡಿಕೊಳ್ಳಬೇಕು. ಬಿಳಿ ಅಥವಾ ಕೆಂಪು ಮಚ್ಚೆ, ಮಾಯದ ಹುಣ್ಣು, ಬಾಯಿ ಪೂರ್ತಿ ತೆರೆಯಲು ಆಗದಿರುವುದು, ಖಾರ ತಾಗಿದರೆ ಉರಿ ಇವುಗಳಲ್ಲಿ ಯಾವುದು ಕಂಡರೂ ಪಾಲಿಶ್ ಆಮೇಲೆ. ಮೊದಲು ಅದರ ತಪಾಸಣೆ ಆಗಬೇಕು.

ಹಾಗಾದರೆ ಸೋಡಾ ಪುಡಿಯನ್ನು ಬಿಟ್ಟೇಬಿಡಬೇಕೇ? ಬೇಕಿಲ್ಲ. ಒಸಡು ಗಟ್ಟಿಯಾಗಿದ್ದು ಬೇರು ಹೊರಗೆ ಬರದ ಬಾಯಲ್ಲಿ, ಎನಾಮಲ್ ಮೇಲಿನ ಗಟ್ಟಿ ಕಲೆಗೆ ಅದು ಒಳ್ಳೆಯ ಪುಡಿ, ಬೇಗ ಕೆಲಸ ಮಾಡುತ್ತದೆ, ನೀರಿನಲ್ಲಿ ಕರಗುತ್ತದೆ. ಹಲ್ಲಿನ ಬಣ್ಣದ ಕಾಂಪೊಸಿಟ್ ಅಥವಾ ಗ್ಲಾಸ್ ಅಯೊನೊಮರ್ ಫಿಲ್ಲಿಂಗ್ ಮೇಲೆ ಮಾತ್ರ ಅದನ್ನು ಹೊಡೆಯಬಾರದು. ಮೇಲ್ಮೈ ತರಿತರಿಯಾಗಿ ಮೊದಲಿಗಿಂತ ಹೆಚ್ಚು ಕಲೆ ಹಿಡಿಯಬಹುದು. ಕ್ಯಾಪ್‌ನ ಅಂಚಿನಲ್ಲಿರುವ ಸಿಮೆಂಟ್ ಕಿತ್ತು ಸಂದಿ ಬೀಳುತ್ತದೆ. ಮಕ್ಕಳ ಹಲ್ಲಿನಲ್ಲಿ ಸುಣ್ಣ ಬಳಿದಂತೆ ಕಾಣುವ ಬಿಳಿ ಮಚ್ಚೆ ಹುಳುಕಿನ ಮೊದಲ ಹಂತವಿರಬಹುದು. ಅಲ್ಲಿನ ಎನಾಮಲ್ ಆಗಲೇ ಸಡಿಲವಾಗಿರುತ್ತದೆ, ಹಾಗಾಗಿ ಅದಕ್ಕೂ ಸೋಡಾ ಬೇಡ. ಇಂಪ್ಲಾಂಟ್‌ನ (ದವಡೆಗೆ ಕೂರಿಸಿದ ಕೃತಕ ಬೇರಿನ) ಟೈಟೇನಿಯಂ ಮೇಲೆ ಗೀರು ಬಿದ್ದರೆ ಪಾಚಿ ಅಲ್ಲೇ ಮನೆ ಮಾಡುತ್ತದೆ. ಅದಕ್ಕೆ ಸಣ್ಣ ಕಣದ ಪುಡಿಯೇ ಆಗಬೇಕು. ಕ್ಲಿಪ್ ಹಾಕಿಸಿಕೊಂಡವರಿಗೆ ಬ್ರಷ್ ತಲುಪದ ಮೂಲೆಗಳಲ್ಲಿ ಏರ್ ಪಾಲಿಶಿಂಗ್ ನಿಜವಾಗಿಯೂ ಉಪಕಾರಿ. ಅಲ್ಲೂ ಎರಿಥ್ರಿಟಾಲ್‌ಗೇ ನಮ್ಮ ಮತ.

ಉಪ್ಪಿನಲ್ಲಿರುವ ಸೋಡಿಯಂ ಸೋಡಾದಲ್ಲೂ ಇದೆ ಎಂಬುದನ್ನೂ ಮರೆಯಬಾರದು. 1 ಗ್ರಾಂ ಸೋಡಿಯಂ ಬೈಕಾರ್ಬೊನೇಟ್‌ನಲ್ಲಿ ಸುಮಾರು 270 ಮಿಲಿಗ್ರಾಂ ಸೋಡಿಯಂ ಇರುತ್ತದೆ. ಹೆಚ್ಚಿನ ಪಾಲು ಸಕ್ಷನ್‌ಗೆ ಹೋಗುತ್ತದೆ, ನುಂಗುವುದು ಸ್ವಲ್ಪವೇ. ಆದರೂ ಉಪ್ಪು ಬಿಡಲು ವೈದ್ಯರು ಹೇಳಿರುವವರು, ಕಿಡ್ನಿ ತೊಂದರೆ ಇರುವವರು, ಹತೋಟಿಗೆ ಬರದ ಬಿಪಿ ಇರುವವರು, ಬಹುಕಾಲದಿಂದ ಸ್ಟೀರಾಯ್ಡ್ ತೆಗೆದುಕೊಳ್ಳುವವರು ಮೊದಲೇ ಹೇಳಬೇಕು. ಸೋಡಿಯಂ ಇಲ್ಲದ ಪುಡಿ ಸಿಗುವಾಗ ಇಂಥವರಿಗೆ ಸೋಡಾ ಹಾಕುವ ಅಗತ್ಯವೇ ಇಲ್ಲ. ಇದೇ ಕಾರಣಕ್ಕೆ ಕೆಲವರು ಕ್ಯಾಲ್ಸಿಯಂ ಕಾರ್ಬೊನೇಟ್ ಆರಿಸುತ್ತಾರೆ. ಅದರ ಕಣ ಗುಂಡಗಿರುವುದರಿಂದ ಎನಾಮಲ್ ಮೇಲೆ ಉರುಳುತ್ತಾ ಕೆಲಸ ಮಾಡುತ್ತದೆ. ಆದರೆ ಅದು ನೀರಿನಲ್ಲಿ ಕರಗದು, ಬೇರಿಗೂ ಆಗದು.

ಇನ್ನು ಅಡುಗೆ ಸೋಡಾ. ರಾಸಾಯನಿಕವಾಗಿ ಅದೂ ಬೈಕಾರ್ಬೊನೇಟೇ ಅಲ್ಲವೇ ಎಂದು ಕೇಳುವವರಿದ್ದಾರೆ. ಹೆಸರು ಒಂದೇ, ಪುಡಿ ಒಂದಲ್ಲ. ದಂತ ಬಳಕೆಯ ಪುಡಿಯನ್ನು ನಿಗದಿತ ಗಾತ್ರಕ್ಕೆ ಜರಡಿ ಹಿಡಿದು, ಗಂಟು ಕಟ್ಟದೆ ಹರಿಯುವಂತೆ ಸಿಲಿಕಾದಂಥ ವಸ್ತು ಸೇರಿಸಿರುತ್ತಾರೆ. ಅಂಗಡಿಯ ಸೋಡಾದಲ್ಲಿ ದಪ್ಪ ಕಣವೂ ಇರುತ್ತದೆ, ಧೂಳೂ ಇರುತ್ತದೆ. ಡಬ್ಬಿಯಲ್ಲಿ ಗಂಟಾಗಿ ನಳಿಕೆ ಕಟ್ಟುತ್ತದೆ, ಕಟ್ಟಿದ್ದು ಬಿಟ್ಟಾಗ ಒಮ್ಮೆಲೇ ಚಿಮ್ಮಿ ಒಸಡು ಹರಿಯುತ್ತದೆ. ಸ್ಕೇಲಿಂಗ್ ಆದಮೇಲೆ ಮನೆಯಲ್ಲಿ ಅಡುಗೆ ಸೋಡಾಕ್ಕೆ ನಿಂಬೆರಸ ಹಿಂಡಿ ಹಲ್ಲು ಉಜ್ಜುವವರಿಗೂ ಒಂದು ಮಾತು: ಅಲ್ಲಿ ಎನಾಮಲ್ ಕರಗಿಸುವುದು ನಿಂಬೆಯ ಹುಳಿ.

ಇದಕ್ಕಿಂತ ದೊಡ್ಡ ಅಪಾಯ ಅಲ್ಯೂಮಿನಿಯಂ ಆಕ್ಸೈಡ್ ಅದಲುಬದಲಾಗುವುದು. 1945ರಲ್ಲಿ ಅಮೆರಿಕದ ದಂತವೈದ್ಯ ರಾಬರ್ಟ್ ಬ್ಲ್ಯಾಕ್ ಗಾಳಿಯಲ್ಲಿ ಪುಡಿ ಚಿಮ್ಮಿಸಿ ಹಲ್ಲು ಕೊರೆಯುವ ವಿಧಾನ ತಂದರು. ಅದಕ್ಕೆ ಬಳಸುವ ಅಲ್ಯೂಮಿನಿಯಂ ಆಕ್ಸೈಡ್ ಮೋಹ್ಸ್ ಅಳತೆಯಲ್ಲಿ 9, ವಜ್ರಕ್ಕೆ ಒಂದೇ ಮೆಟ್ಟಿಲು ಕೆಳಗೆ. ಅದು ಕ್ಯಾಪ್‌ನ ಒಳಭಾಗ ಒರಟು ಮಾಡಲು, ಹುಳುಕು ಕೊರೆಯಲು ಇರುವ ಪುಡಿ. ಪಾಲಿಶ್‌ಗೆ ಹಾಕಿದರೆ ಎನಾಮಲ್ಲೇ ಹೋಗುತ್ತದೆ. ಅದೂ ಬಿಳಿ ಪುಡಿ, ಇದೂ ಬಿಳಿ ಪುಡಿ. ಒಂದೇ ಕಪಾಟಿನಲ್ಲಿ ಒಂದೇ ಥರದ ಬಾಟಲಿಯಲ್ಲಿ ಇಡಬೇಡಿ. ಪುಡಿಯನ್ನು ಮೂಲ ಬಾಟಲಿಯಿಂದ ಬೇರೆ ಡಬ್ಬಕ್ಕೆ ಸುರಿದಿಡುವ ಅಭ್ಯಾಸವನ್ನಂತೂ ಇವತ್ತೇ ಬಿಡಿ. ಬ್ಯಾಚ್ ಸಂಖ್ಯೆ, ಅವಧಿ, ಒಸಡಿನ ಮೇಲೆ ಮಾತ್ರವೋ ಕೆಳಗೂ ಸಲ್ಲುತ್ತದೋ ಎಂಬ ಸೂಚನೆ ಎಲ್ಲ ಇರುವುದು ಮೂಲ ಬಾಟಲಿಯ ಲೇಬಲ್ ಮೇಲೆ.

ಒಸಡಿನ ಕೆಳಗೆ ಎಂದಾಗ ಗ್ಲೈಸಿನ್ ಮತ್ತು ಎರಿಥ್ರಿಟಾಲ್ ಬಿಟ್ಟು ಬೇರೆ ಮಾತೇ ಇಲ್ಲ. ಒಸಡು ಹಲ್ಲಿನಿಂದ ಬಿಟ್ಟು ಆಗುವ 4 ಮಿಲಿಮೀಟರ್‌ವರೆಗಿನ ಸಂಚಿಗೆ ಸಾಮಾನ್ಯ ನಳಿಕೆಯಲ್ಲೇ ಇವನ್ನು ಬಳಸಬಹುದು. ಅದಕ್ಕಿಂತ ಆಳವಿದ್ದರೆ ಒಬ್ಬರಿಗೆ ಒಂದರಂತೆ ಬಳಸಿ ಎಸೆಯುವ ಮೆತ್ತನೆಯ ಪ್ಲಾಸ್ಟಿಕ್ ನಳಿಕೆ ಬೇಕು. ಅದರಲ್ಲಿ ಪುಡಿ ಪಕ್ಕದ ರಂಧ್ರಗಳಿಂದ ಬರುತ್ತದೆ, ನೇರ ತಳಕ್ಕೆ ಹೊಡೆಯುವುದಿಲ್ಲ. ಒಂದು ಜಾಗಕ್ಕೆ 5 ಸೆಕೆಂಡ್ ಸಾಕು. ಎರಿಥ್ರಿಟಾಲ್ ಬಳಸುವವರು ಬಾಟಲಿ ತಿರುಗಿಸಿ ಓದಬೇಕು. ಕೆಲವು ಪುಡಿಗಳಲ್ಲಿ ರೋಗಾಣು ಕೊಲ್ಲುವ ಕ್ಲೋರ್‌ಹೆಕ್ಸಿಡಿನ್ ಬೆರೆತಿರುತ್ತದೆ. ಅದಕ್ಕೆ ಅಲರ್ಜಿ ಇರುವವರು ವಿರಳ, ಆದರೆ ಬಂದರೆ ಉಸಿರೇ ಕಟ್ಟುವಷ್ಟು ತೀವ್ರವಾಗಬಹುದು. ಯಾವುದಾದರೂ ಮೌತ್‌ವಾಶ್ ಬಳಸಿದಾಗ ಮೈ ತುರಿಸಿದ್ದು, ತುಟಿ ಊದಿದ್ದು ಇದೆಯೇ ಎಂದು ಕೇಳದೆ ಆ ಬಾಟಲಿ ತೆರೆಯಬೇಡಿ. ಇಂಥವರಿಗೆ ಗ್ಲೈಸಿನ್ ಇದೆ.

ಈ ಸಣ್ಣ ಕಣದ ಪುಡಿಗಳಿಗೆ ಬೆಲೆ ಜಾಸ್ತಿ, ಅದು ನಿಜ. ಆದರೆ ಎರಡು ಪುಡಿ ಇಟ್ಟುಕೊಂಡು ಬಾಯಿ ನೋಡಿ ಆರಿಸಬಹುದು. ಒಂದೇ ಇಟ್ಟುಕೊಳ್ಳಲು ಸಾಧ್ಯವಿದ್ದರೆ ಸಣ್ಣ ಕಣದ್ದೇ ಇರಲಿ. ಅದು ಎನಾಮಲ್‌ಗೂ ಆಗುತ್ತದೆ, ಕಲೆ ತೆಗೆಯಲು ಸ್ವಲ್ಪ ಹೊತ್ತು ಹಿಡಿಯುತ್ತದೆ ಅಷ್ಟೇ. ಆದರೆ ನಿಮ್ಮ ಯಂತ್ರ ಆ ಪುಡಿಗೆ ಹೊಂದುತ್ತದೆಯೇ ಎಂದು ತಯಾರಕರ ಕೈಪಿಡಿ ನೋಡಿಕೊಳ್ಳಿ. ದಪ್ಪ ಸೋಡಾಕ್ಕೆಂದು ಮಾಡಿದ ಡಬ್ಬಿಯಲ್ಲಿ ಸಣ್ಣ ಪುಡಿ ಸರಿಯಾಗಿ ಮೇಲೇಳದೆ ಇರಬಹುದು.

ಈಗ ಕೊಡಗಿನ ಮಳೆಗೆ ಬರೋಣ. ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ) ಮಳೆಯಲ್ಲಿ ಗೋಡೆ ಬೆವರುತ್ತದೆ, ಚಪ್ಪಲಿ ಬೂಷ್ಟು ಹಿಡಿಯುತ್ತದೆ. ಪುಡಿ ಮಾತ್ರ ಒಣಗಿರಬೇಕೆಂದರೆ ನಾವೇ ಜಾಗ್ರತೆ ಮಾಡಬೇಕು. ಪುಡಿಗೆ ತೇವ ಎರಡು ಕಡೆಯಿಂದ ಬರುತ್ತದೆ. ಒಂದು, ತೆರೆದಿಟ್ಟ ಬಾಟಲಿಯಿಂದ. ಸಣ್ಣ ಬಾಟಲಿ ಕೊಳ್ಳಿ, ಮುಚ್ಚಳ ಬಿಗಿ ಮಾಡಿ, ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ, ಸಿಂಕ್‌ನಿಂದ ದೂರ ಇಡಿ. ಯಂತ್ರದ ಡಬ್ಬಿಯಲ್ಲಿ ಉಳಿದದ್ದನ್ನು ಮತ್ತೆ ಬಾಟಲಿಗೆ ಸುರಿಯಬೇಡಿ. ಸಂಜೆ ಖಾಲಿ ಮಾಡಿ ಒರೆಸಿಡಿ. ಇನ್ನೊಂದು ದಾರಿ ಕಂಪ್ರೆಸರ್. ಹೊರಗಿನ ಒದ್ದೆ ಗಾಳಿಯನ್ನೇ ಅದು ಒತ್ತುವುದು. ಟ್ಯಾಂಕಿನ ತಳದಲ್ಲಿ ನೀರು ನಿಲ್ಲುತ್ತದೆ, ಅದು ಗಾಳಿಯ ಜೊತೆ ಪುಡಿಯ ಡಬ್ಬಿಗೇ ಬರುತ್ತದೆ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು ಬಿಡುವವರು ಮಳೆಗಾಲದಲ್ಲಿ ದಿನಾ ಸಂಜೆ ತಳದ ವಾಲ್ವ್ ತೆರೆಯಬೇಕು. ಏರ್ ಡ್ರೈಯರ್ ಅಥವಾ ತೇವ ಹೀರುವ ಫಿಲ್ಟರ್ ಇರಲೇಬೇಕು. ಪರೀಕ್ಷೆ ಸುಲಭ: ಪೈಪಿನಿಂದ ಬರೀ ಗಾಳಿಯನ್ನು ಒಣಗಿದ ಬಾಯಿ ಕನ್ನಡಿಯ ಮೇಲೆ ಹತ್ತು ಸೆಕೆಂಡ್ ಬಿಡಿ. ಮಂಜು ಕಟ್ಟಿದರೆ, ಹನಿ ಕಂಡರೆ ಆ ದಿನ ಪುಡಿ ತುಂಬಬೇಡಿ.

ಪುಡಿ ಗೆರೆಯ ಮಟ್ಟಕ್ಕೆ ಮಾತ್ರ ಇರಲಿ. ತುಂಬಿ ತುಳುಕಿಸಿದರೆ ಗಾಳಿ ಸುಳಿಯಲು ಜಾಗವಿಲ್ಲದೆ ಪುಡಿ ಮೇಲೇಳುವುದಿಲ್ಲ. ತೀರಾ ಕಡಿಮೆಯಾದರೆ ಬರೀ ನೀರು ಬರುತ್ತದೆ. ಹೊಡೆತ ಬಿಟ್ಟು ಬಿಟ್ಟು ಬರುತ್ತಿದ್ದರೆ ನಳಿಕೆ ಕಟ್ಟುತ್ತಿದೆ ಎಂದರ್ಥ. ಒತ್ತಡ ಏರಿಸಿ ನೂಕಲು ಹೋಗಬೇಡಿ, ನಿಲ್ಲಿಸಿ ತಂತಿ ಹಾಕಿ ಬಿಡಿಸಿ. ಒತ್ತಡ ಇಳಿಯುವ ಮೊದಲೇ ಮುಚ್ಚಳ ತಿರುಗಿಸಿದರೆ ಪುಡಿ ಮುಖಕ್ಕೇ ಹಾರುತ್ತದೆ. ಹಬೆಯಲ್ಲಿ ರೋಗಾಣು ಕೊಲ್ಲುವ ಆಟೋಕ್ಲೇವ್‌ನಿಂದ ಬಂದ ನಳಿಕೆಯ ಒಳಗಿನ ಹನಿ ಆರುವ ಮುನ್ನ ಜೋಡಿಸಿದರೆ ಮೊದಲ ರೋಗಿಗೇ ಕಟ್ಟುತ್ತದೆ. ಮಳೆಗಾಲದ ಅರ್ಧದಷ್ಟು ತೊಂದರೆಗೆ ಇದೇ ಕಾರಣ. ಪ್ರತಿ ರೋಗಿಯ ನಂತರ ಪುಡಿಯಿಲ್ಲದೆ ಬರೀ ಗಾಳಿ ಹಾಯಿಸುವುದನ್ನು ಮರೆಯಬಾರದು.

ಕೈಯ ಕೆಲಸದ ಬಗ್ಗೆ ಚಿಕ್ಕದಾಗಿ ಹೇಳುತ್ತೇವೆ. ನಳಿಕೆ ಹಲ್ಲಿನಿಂದ 3ರಿಂದ 5 ಮಿಲಿಮೀಟರ್ ದೂರದಲ್ಲಿರಲಿ. ಸೋಡಾ ಬಳಸುವಾಗ ಮುಂಭಾಗದ ಹಲ್ಲಿಗೆ 60 ಡಿಗ್ರಿ, ಹಿಂಭಾಗದ್ದಕ್ಕೆ 80, ಜಗಿಯುವ ಮೇಲ್ಮೈಗೆ 90 ಡಿಗ್ರಿ ಕೋನ ಹಿಡಿಯಬೇಕು. ಧಾರೆ ಒಸಡಿನ ಸಂದಿಗೆ ತಿರುಗಬಾರದು, ಒಂದೇ ಕಡೆ ನಿಲ್ಲಲೂಬಾರದು. ಜೊಲ್ಲು ಎಳೆಯುವ ಸಣ್ಣ ಕೊಳವೆ ಈ ಕೆಲಸಕ್ಕೆ ಸಾಲದು, ಅಗಲ ಬಾಯಿಯ ಜೋರು ಸಕ್ಷನ್ ಹಲ್ಲಿನ ಪಕ್ಕದಲ್ಲೇ ಇರಬೇಕು. ಕಾಂಟ್ಯಾಕ್ಟ್ ಲೆನ್ಸ್ ತೆಗೆಸಿ, ಕಣ್ಣಿಗೆ ಕನ್ನಡಕ ಹಾಕಿ, ತುಟಿಗೆ ವ್ಯಾಸಲೀನ್ ಸವರಿ. ಆಸ್ತಮಾ, ಶ್ವಾಸಕೋಶದ ಹಳೆಯ ಕಾಯಿಲೆ, ಕ್ಷಯ, ಜ್ವರ ಕೆಮ್ಮು ಇದ್ದವರಿಗೆ ಇದು ಬೇಡ. ಆಸ್ತಮಾ, ಶ್ವಾಸಕೋಶದ ಹಳೆಯ ಕಾಯಿಲೆ ಇದ್ದವರ ಕೆಲಸ ರಬ್ಬರ್ ಕಪ್ ಮತ್ತು ಪೇಸ್ಟ್‌ನಿಂದ ಆಗುತ್ತದೆ.

ಹಲ್ಲು ಕಿತ್ತ ಜಾಗ, ಹೊಲಿಗೆ, ಹರಿದ ಒಸಡು ಇದ್ದಲ್ಲಿ ಪುಡಿಯ ಧಾರೆ ಹೋಗಲೇಬಾರದು. ಗಾಳಿ ಚರ್ಮದಡಿಗೆ ನುಗ್ಗಿದರೆ ಕೆಲವೇ ನಿಮಿಷದಲ್ಲಿ ಕೆನ್ನೆ ಊದುತ್ತದೆ. ಬೆರಳಿಟ್ಟು ಒತ್ತಿದರೆ ಒಣ ತರಗೆಲೆ ತುಳಿದಂತೆ ಚರಚರ ಎನ್ನುತ್ತದೆ. ಇದು ಅಲರ್ಜಿಯ ಊತವಲ್ಲ. ಅಲರ್ಜಿಯೆಂದು ಮಾತ್ರೆ ಕೊಟ್ಟು ಮನೆಗೆ ಕಳಿಸುವ ತಪ್ಪಾಗಬಾರದು. ತಕ್ಷಣ ನಿಲ್ಲಿಸಿ, ಮೂಗು ಜೋರಾಗಿ ಸೀಟದಂತೆ ಹೇಳಿ, ಕಣ್ಣಮುಂದೆಯೇ ಕೂರಿಸಿಕೊಳ್ಳಿ. ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಊತ ಕುತ್ತಿಗೆಗೆ ಇಳಿದರೆ, ಎದೆ ನೋವು, ನುಂಗಲು ಅಥವಾ ಉಸಿರಾಡಲು ಕಷ್ಟ ಎಂದರೆ ಆಸ್ಪತ್ರೆಗೆ ಹೊರಡಲು ತಡ ಮಾಡಬಾರದು. ನಾಪೋಕ್ಲುವಿನಿಂದಾಗಲಿ ಶ್ರೀಮಂಗಲದಿಂದಾಗಲಿ ಮಡಿಕೇರಿ ತಲುಪಲು ಮಳೆಯಲ್ಲಿ ಎಷ್ಟು ಹೊತ್ತು ಹಿಡಿಯುತ್ತದೆಂದು ನಮಗೆಲ್ಲ ಗೊತ್ತು.

ಪಾಲಿಶ್ ಮಾಡಿಸಿಕೊಂಡವರು ಎರಡು ಮೂರು ಗಂಟೆ ಕಾಫಿ, ಟೀ, ಎಲೆಅಡಿಕೆ, ಬೀಡಿ ಬಿಡಬೇಕು. ಹಲ್ಲಿನ ಮೇಲೆ ಜೊಲ್ಲಿನಿಂದ ಕಟ್ಟಿದ ತೆಳು ಪೊರೆಯೂ ಪುಡಿಯ ಜೊತೆ ಹೋಗಿರುತ್ತದೆ, ಅದು ಮತ್ತೆ ಕಟ್ಟುವವರೆಗೆ ಬಣ್ಣ ಬೇಗ ಹಿಡಿಯುತ್ತದೆ. ಕೊಡಗಿನಲ್ಲಿ ಕಾಫಿ ಬಿಡಿ ಎನ್ನುವುದು ಕಷ್ಟದ ಮಾತೇ. ಬೆಳಗಿನ ಕಾಫಿ ಕುಡಿದು, ಬಾಯಿ ತೊಳೆದುಕೊಂಡು ಬಂದರೆ ಮಧ್ಯಾಹ್ನದವರೆಗೆ ತಡೆದುಕೊಳ್ಳಬಹುದು.

ಕೊನೆಯದಾಗಿ, ತೋಟಗಳಲ್ಲಿ, ಶಾಲೆಗಳಲ್ಲಿ ಉಚಿತ ದಂತ ಶಿಬಿರ ಮಾಡುವ ಸಂಘ ಸಂಸ್ಥೆಗಳಲ್ಲಿ ಒಂದು ವಿನಂತಿ. ಶಿಬಿರಕ್ಕೆ ಏರ್ ಪಾಲಿಶಿಂಗ್ ಬೇಕೆಂದು ಕೇಳಬೇಡಿ. ಜೀಪಿನಲ್ಲಿ ಒಯ್ಯುವ ಸಣ್ಣ ಕಂಪ್ರೆಸರ್‌ಗೆ ಡ್ರೈಯರ್ ಇರುವುದು ಅಪರೂಪ, ಜೋರು ಸಕ್ಷನ್ ಇರುವುದಿಲ್ಲ. ನೂರು ಜನ ಕಾಯುವ ಸಾಲಿನಲ್ಲಿ ಪ್ರತಿಯೊಬ್ಬರ ಬಿಪಿ, ಆಸ್ತಮಾ, ಅಲರ್ಜಿ ಕೇಳುವ ಪುರುಸೊತ್ತೂ ಇರುವುದಿಲ್ಲ. ಅಲ್ಲಿ ಬಾಯಿ ತಪಾಸಣೆ ಮಾಡಿ, ಸ್ಕೇಲಿಂಗ್ ಬೇಕಾದವರ ಹೆಸರು ಬರೆದು, ಚಿಕಿತ್ಸಾಲಯಕ್ಕೋ ವಿರಾಜಪೇಟೆಯ ದಂತ ಕಾಲೇಜಿಗೋ ಬರಲು ದಿನ ಗೊತ್ತು ಮಾಡಿಕೊಡಿ. ಆ ಚೀಟಿಯಲ್ಲಿ ಅವರ ಮಾತ್ರೆಗಳ ಹೆಸರು, ಬೇರು ಹೊರಗೆ ಬಂದ ಹಲ್ಲುಗಳು ಮತ್ತು ಅಲರ್ಜಿ ಬರೆದಿದ್ದರೆ, ಅಲ್ಲಿ ಯಾವ ಪುಡಿಯ ಬಾಟಲಿ ತೆರೆಯಬೇಕೆಂದು ನೋಡಿದ ಕೂಡಲೇ ಗೊತ್ತಾಗುತ್ತದೆ.

ಇತಿ,
ದಂತವೈದ್ಯರು,
ದಕ್ಷಿಣ ಕೊಡಗು